ಕ್ಯಾಮೆರಾ ಇಲ್ಲದೆ ಮನೆಯೊಳಗೆ ಯಾರು ಓಡಾಡುತ್ತಿದ್ದಾರೆ ಅಂತ ತಿಳಿಯುವುದು ಹೇಗೆ

"ಮನ್ಯಾಗ ಕ್ಯಾಮೆರಾ ಹಚ್ಚಿದಿ ಅಂದ್ರ ನಾ ತಮ್ಮನ ಮನಿಗೆ ಹೋಗ್ತೀನಿ ನೋಡ." ಅವ್ವ ಹೀಗೆ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಅವಳು ಹೇಳಿದ್ದು ಸರಿಯಾಗೇ ಇತ್ತು.

ನಮ್ಮದು ವಿಜಯಪುರದ ಹಳೇ ಮನೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಫರಸಿ ಕಲ್ಲು, ಪಡಸಾಲೆ ದಾಟಿ ಎರಡು ಮೆಟ್ಟಿಲು ಇಳಿದರೆ ಹಿತ್ತಲ ಕಡೆ ಬಚ್ಚಲು. ಅಪ್ಪ ರಾತ್ರಿ ಎರಡು ಸಲವಾದರೂ ಏಳುತ್ತಾರೆ. ಮಲಗಿದವರಿಗೆ ಎಚ್ಚರ ಆಗಬಾರದು ಅಂತ ದೀಪ ಹಾಕದೇ ಗೋಡೆ ತಡಕುತ್ತಾ ಹೋಗುತ್ತಾರೆ. ಅವರು ಎದ್ದಾಗ ದಾರಿಯಲ್ಲಿ ಸಣ್ಣ ದೀಪ ಹತ್ತಬೇಕು, ಇಪ್ಪತ್ತು ನಿಮಿಷವಾದರೂ ವಾಪಸ್ ಬರದಿದ್ದರೆ ನನ್ನ ಫೋನ್ ಗುಂಯ್ ಅನ್ನಬೇಕು. ನಾನು ಎದ್ದರೆ, ಹೆಂಡತಿ ಎದ್ದರೆ, ಮಗಳು ಎದ್ದರೆ ಏನೂ ಆಗಬೇಕಿಲ್ಲ. ಅಂದರೆ ಯಾರೋ ಎದ್ದರು ಅಂತ ಗೊತ್ತಾದರೆ ಸಾಲದು, ಎದ್ದವರು ಯಾರು ಅನ್ನುವುದು ಬೇಕು. ಈ ಎರಡರ ನಡುವೆ ಇರುವ ದೂರ ಎಷ್ಟು ಅಂತ ಕೈ ಹಚ್ಚಿದ ಮೇಲೇ ನನಗೆ ತಿಳಿದದ್ದು. ನೀವೂ ಇಂಥದ್ದೇ ಏನಾದರೂ ಮಾಡಬೇಕು ಅಂದುಕೊಂಡಿದ್ದರೆ, ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಸೆನ್ಸರ್ ಕೊಳ್ಳುವ ಮೊದಲು ಮನೆಯ ನಕ್ಷೆ ಬರೆಯಿರಿ. ಬಾಗಿಲು ಎಲ್ಲಿವೆ, ಯಾರು ಎಲ್ಲಿ ಮಲಗುತ್ತಾರೆ, ಫ್ಯಾನ್ ಎಲ್ಲಿ, ಕೂಲರ್ ಎಲ್ಲಿ, ಪ್ಲಗ್ ಎಲ್ಲಿ. ಪಕ್ಕದಲ್ಲೇ ಮನೆಮಂದಿಯ ಹೆಸರು, ತೂಕ, ಎತ್ತರ ಬರೆಯಿರಿ. ಅದರ ಕೆಳಗೆ ನಿಮಗೆ ಉತ್ತರ ಬೇಕಾದ ಪ್ರಶ್ನೆ ಬರೆಯಿರಿ, ಒಂದೇ ವಾಕ್ಯದಲ್ಲಿ. ನನ್ನದು: "ರಾತ್ರಿ ಎದ್ದದ್ದು ಅಪ್ಪನಾ, ಅಲ್ವಾ?" ನೋಡಿ, ಇದು ಐದು ಜನರಲ್ಲಿ ಪ್ರತಿಯೊಬ್ಬರನ್ನೂ ಗುರುತಿಸುವ ಪ್ರಶ್ನೆ ಅಲ್ಲ. ಒಬ್ಬರನ್ನು ಉಳಿದವರಿಂದ ಬೇರೆ ಮಾಡಿದರೆ ಸಾಕು. ಪ್ರಶ್ನೆ ಹೀಗೆ ಸಣ್ಣದಾದರೆ ಅರ್ಧ ಕೆಲಸ ಮತ್ತು ಅರ್ಧ ಖರ್ಚು ಅಲ್ಲೇ ಕಡಿಮೆ ಆಗುತ್ತದೆ.

ಮುಖ್ಯವಾದ ಉಪಾಯವನ್ನು ಈಗಲೇ ಹೇಳಿಬಿಡುತ್ತೇನೆ. ಪ್ರತಿ ಕೋಣೆಯಲ್ಲೂ ಮನುಷ್ಯನನ್ನು ಗುರುತು ಹಿಡಿಯಲು ಹೋಗಬೇಡಿ. ಚೆನ್ನಾಗಿ ಗುರುತು ಸಿಗುವ ಒಂದು ಜಾಗ ಹುಡುಕಿ, ಅಲ್ಲಿ ಒಮ್ಮೆ ಹಿಡಿಯಿರಿ. ಅಲ್ಲಿಂದ ಮುಂದೆ ಸುಮ್ನೆ ಹೆಜ್ಜೆ ಹಿಂಬಾಲಿಸಿದರೆ ಸಾಕು. ಮಂಚದ ಮೇಲೆ ಅಪ್ಪ ಅಂತ ಗೊತ್ತಾದರೆ, ಮುಂದಿನ ಹತ್ತು ಸೆಕೆಂಡಿನಲ್ಲಿ ಪಡಸಾಲೆಯಲ್ಲಿ ಕಂಡ ಚಲನೆಯೂ ಅಪ್ಪನದೇ. ಬಚ್ಚಲ ಬಾಗಿಲು ತೆರೆದದ್ದೂ ಅವರೇ.

ಯಾರಾದರೂ ಇದ್ದಾರಾ: ಪಿಐಆರ್ ಮತ್ತು ರೇಡಾರ್

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮೋಷನ್ ಸೆನ್ಸರ್ ಅಂದರೆ ಪಿಐಆರ್. ಎಚ್‌ಸಿ-ಎಸ್‌ಆರ್501 ಎಲ್ಲರಿಗೂ ಗೊತ್ತಿರುವ ಮಾದರಿ. ಸುಮಾರು 7 ಮೀಟರ್‌ವರೆಗೆ ನೋಡುತ್ತದೆ. ಮೈಯಿಂದ ಹೊರಡುವ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ಅದಕ್ಕೆ ಗೊತ್ತಾಗುತ್ತದೆ. ಅಲುಗದೇ ಕೂತರೆ ಅದರ ಪಾಲಿಗೆ ನೀವು ಇಲ್ಲ.

ನಮ್ಮ ಕಡೆ ಇನ್ನೂ ಒಂದು ತೊಂದರೆ ಇದೆ, ಇದನ್ನು ತಂಪು ದೇಶದಲ್ಲಿ ಕೂತು ಮಾಡಿದ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಮನುಷ್ಯನ ಚರ್ಮದ ಉಷ್ಣತೆ 33-34 ಡಿಗ್ರಿ ಆಸುಪಾಸು. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದಲ್ಲಿ ಹೊರಗೆ 40 ದಾಟುತ್ತದೆ, ದಿನವಿಡೀ ಬಿಸಿಲು ಕುಡಿದ ಕಲ್ಲಿನ ಗೋಡೆ ರಾತ್ರಿ ಹತ್ತರವರೆಗೂ ಬೆಚ್ಚಗೇ ಇರುತ್ತದೆ. ಗೋಡೆಗೂ ಮೈಗೂ ಶಾಖದಲ್ಲಿ ಅಂತರವೇ ಇಲ್ಲದಿದ್ದರೆ ಪಿಐಆರ್ ಏನನ್ನು ನೋಡಬೇಕು? ಚಳಿಗಾಲದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಬೇಸಿಗೆಯಲ್ಲಿ ಕುರುಡಾಗುತ್ತದೆ. ಜೊತೆಗೆ ಸೆನ್ಸರ್ ಮೇಲೇ ಹಲ್ಲಿ ಹರಿದರೆ ಆನೆ ಬಂದಂತೆ ಎಚ್ಚರಿಸುತ್ತದೆ. ಹಾಗಂತ ಪಿಐಆರ್ ಬೇಡವೇ ಬೇಡ ಅಂತಲ್ಲ. ದಾರಿಯಲ್ಲಿ, ಮೆಟ್ಟಿಲ ಹತ್ತಿರ, ಜನ ನಡೆದೇ ನಡೆಯುವ ಕಡೆ ಇರಲಿ. ಅದೊಂದನ್ನೇ ನಂಬಬೇಡಿ ಅಷ್ಟೇ.

ಅದಕ್ಕಿಂತ ಒಳ್ಳೆಯದು ಮಿಲಿಮೀಟರ್ ಅಲೆಯ ರೇಡಾರ್. ಎಲ್‌ಡಿ2410 ಅನ್ನುವ ಸಣ್ಣ ಬೋರ್ಡ್ 24 ಗಿಗಾಹರ್ಟ್ಸ್ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಎದೆ ಏರಿಳಿಯುವಷ್ಟು ಸಣ್ಣ ಚಲನೆಯೂ ಅದಕ್ಕೆ ಸಿಗುತ್ತದೆ. ಹಾಗಾಗಿ ಕುರ್ಚಿಯಲ್ಲಿ ಸುಮ್ನೆ ಕೂತು ಪೇಪರ್ ಓದುವವರನ್ನೂ ಅದು ಮರೆಯುವುದಿಲ್ಲ. ಶಾಖದ ಜೊತೆ ಅದಕ್ಕೆ ಸಂಬಂಧವೇ ಇಲ್ಲ. ಅಣ್ಣನಂಥ ಇನ್ನೊಂದು ಬೋರ್ಡ್ ಇದೆ, ಎಲ್‌ಡಿ2450. ಅದು ಒಂದೇ ಸಲಕ್ಕೆ ಮೂರು ಜನರವರೆಗೆ ಯಾರು ಎಷ್ಟು ದೂರ, ಎಡಕ್ಕೋ ಬಲಕ್ಕೋ ಅಂತ ಹೇಳುತ್ತದೆ. ಹಿಂಬಾಲಿಸುವ ಕೆಲಸಕ್ಕೆ ಇದೇ ಸರಿ.

ರೇಡಾರಿಗೆ ಇರುವ ದೊಡ್ಡ ಶತ್ರು ನಮ್ಮ ಸೀಲಿಂಗ್ ಫ್ಯಾನ್. ಕೂಲರ್ ಗಾಳಿಗೆ ಹಾರುವ ಪರದೆ ಅದರ ತಮ್ಮ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಫ್ಯಾನ್ ತಿರುಗುತ್ತಿದ್ದರೆ "ಇದ್ದಾರೆ, ಇದ್ದಾರೆ" ಅನ್ನುತ್ತಲೇ ಇರುತ್ತದೆ. ಪರಿಹಾರ ಹೀಗೆ. ಸೆನ್ಸರನ್ನು ಗೋಡೆಗೆ ಎದೆಯ ಎತ್ತರದಲ್ಲಿ ಕೂರಿಸಿ, ಮುಖ ತುಸು ಕೆಳಗೆ ಬಾಗಿರಲಿ. ಎಲ್‌ಡಿ2410 ತನ್ನ ದೂರವನ್ನು 0.75 ಮೀಟರಿನ ತುಂಡುಗಳಾಗಿ ಮಾಡಿಕೊಂಡಿರುತ್ತದೆ, ಒಂದೊಂದು ತುಂಡಿನ ಸೂಕ್ಷ್ಮತೆಯನ್ನೂ ಬೇರೆ ಬೇರೆ ಹೊಂದಿಸಬಹುದು. ಫ್ಯಾನ್ ಹಾಕಿ, ಎಲ್ಲರೂ ಹೊರಗೆ ಬನ್ನಿ. ಯಾವ ತುಂಡಿನಲ್ಲಿ ಗದ್ದಲ ಬರುತ್ತಿದೆ ನೋಡಿ, ಅದನ್ನಷ್ಟೇ ಮಂದ ಮಾಡಿ. ನಾನು ಇದಕ್ಕೆ ಒಂದು ಭಾನುವಾರ ಪೂರ್ತಿ ಕೂತೆ. ನೀವೂ ಕೂರಲೇಬೇಕು, ಇದನ್ನು ಬಿಟ್ಟರೆ ಮುಂದಿನದೆಲ್ಲ ಹಾಳು. ಇನ್ನೊಂದು ಮಾತು, ಪ್ಲೈವುಡ್ ಗೋಡೆ ಇದ್ದರೆ ಆಚೆ ಕೋಣೆಯವರೂ ಕಾಣುತ್ತಾರೆ. ಕಲ್ಲಿನ ಗೋಡೆಗೆ ಆ ಚಿಂತೆ ಇಲ್ಲ.

ಎದ್ದದ್ದು ಯಾರು: ಮಂಚದ ತೂಕ

ನನ್ನ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಇದು. ಮಂಚದ ನಾಲ್ಕು ಕಾಲುಗಳ ಕೆಳಗೆ ಒಂದೊಂದು ಲೋಡ್ ಸೆಲ್. ಅದು ಭಾರಕ್ಕೆ ತುಸುವೇ ಬಾಗುವ ಲೋಹದ ತುಂಡು, ಬಾಗಿದಷ್ಟು ಅದರ ಮೇಲಿನ ತಂತಿಯ ರೆಸಿಸ್ಟೆನ್ಸ್ ಬದಲಾಗುತ್ತದೆ. ಆ ಬದಲಾವಣೆ ತುಂಬಾ ಸಣ್ಣದು. ಅದನ್ನು ದೊಡ್ಡದು ಮಾಡಿ ಅಂಕಿಯಾಗಿಸಲು ಎಚ್‌ಎಕ್ಸ್711 ಅನ್ನುವ 24 ಬಿಟ್ ಚಿಪ್ ಬೇಕು. ಅದನ್ನು ಇಎಸ್‌ಪಿ32 ಅನ್ನುವ, ವೈಫೈ ಬ್ಲೂಟೂತ್ ಎರಡೂ ಇರುವ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದರೆ ಇಎಸ್‌ಪಿಹೋಮ್ ತಂತ್ರಾಂಶ ನೇರವಾಗಿ ಓದುತ್ತದೆ, ಕೋಡ್ ಬರೆಯುವುದು ಹೆಚ್ಚೇನೂ ಇರುವುದಿಲ್ಲ.

ಎಲ್ಲರೂ ಕೊಳ್ಳುವುದು 50 ಕೆಜಿಯ ನಾಲ್ಕು ತುಂಡುಗಳ ಸೆಟ್. ಮನೆಯಲ್ಲಿ ನಿಂತು ತೂಗುವ ಮಷೀನಿನಲ್ಲಿ ಇರುವಂಥದ್ದು. ನಾಲ್ಕೂ ಸೇರಿ 200 ಕೆಜಿ ಆಯಿತಲ್ಲ, ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ. ಸಾಗವಾನಿ ಮಂಚ, ಹತ್ತಿ ಗಾದಿ, ಮೇಲೆ ಇಬ್ಬರು ಮಲಗಿದರೆ ಅಲ್ಲಿಗೇ 200ರ ಹತ್ತಿರ ಬರುತ್ತದೆ. ಅದರ ಮೇಲೆ ಯಾರಾದರೂ ಮೂಲೆಯಲ್ಲಿ ಕೂತರೆ ಅವರ ಭಾರ ಹೆಚ್ಚುಕಡಿಮೆ ಒಂದೇ ಕಾಲಿನ ಮೇಲೆ ಬೀಳುತ್ತದೆ. ನನ್ನ ಮೊದಲ ಸೆಟ್ ಹೀಗೇ ಬಗ್ಗಿ ಹೋಯಿತು. ಕಾಲಿಗೊಂದರಂತೆ 200 ಕೆಜಿ ತಡೆಯುವ ಸೆಲ್ ಹಾಕಿ, ಒಂದೊಂದಕ್ಕೂ ಬೇರೆ ಎಚ್‌ಎಕ್ಸ್711 ಕೊಡಿ. ಖರ್ಚು ಸ್ವಲ್ಪ ಜಾಸ್ತಿ. ಆದರೆ ಭಾರ ಮಂಚದ ಯಾವ ಬದಿಯಲ್ಲಿ ಇಳಿಯಿತು ಅನ್ನುವುದೂ ಸಿಗುತ್ತದೆ, ಅದು ಬಹಳ ಬೆಲೆಯ ಮಾಹಿತಿ.

ಅಳತೆ ಹೊಂದಿಸಲು ಅಂಗಡಿಯ 25 ಕೆಜಿ ಅಕ್ಕಿ ಚೀಲ ಸಾಕು. ಖಾಲಿ ಮಂಚದ ಓದು ಬರೆದುಕೊಳ್ಳಿ, ಚೀಲ ಇಟ್ಟು ಮತ್ತೆ ಬರೆದುಕೊಳ್ಳಿ, ನಾಲ್ಕೂ ಮೂಲೆಗೆ ಸರಿಸಿ ನೋಡಿ. ಎಲ್ಲ ಕಡೆ ಒಟ್ಟು ತೂಕ ಒಂದೇ ಬರಬೇಕು.

ಈಗ ನಿಜವಾದ ವಿಷಯ. ಒಟ್ಟು ತೂಕ ನೋಡಬೇಡಿ, ತೂಕದ ಜಿಗಿತ ನೋಡಿ. ಲೋಡ್ ಸೆಲ್ ದಿನದ ಬಿಸಿಗೆ, ಭಾರ ಬಹಳ ಹೊತ್ತು ಇದ್ದದ್ದಕ್ಕೆ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ಸಂಜೆ ಸೊನ್ನೆ ಇದ್ದದ್ದು ಬೆಳಗಿನ ಹೊತ್ತಿಗೆ ಒಂದು ಕೆಜಿ ತೋರಿಸಬಹುದು. ಆದರೆ ಮನುಷ್ಯ ಎದ್ದಾಗ ಎರಡು ಸೆಕೆಂಡಿನಲ್ಲಿ ಐವತ್ತು, ಅರವತ್ತು ಕೆಜಿ ಇಳಿಯುತ್ತದೆ, ಇಳಿದದ್ದು ಇಳಿದೇ ಇರುತ್ತದೆ. ನನ್ನ ನಿಯಮ ಇಷ್ಟೇ: 15 ಕೆಜಿಗಿಂತ ಹೆಚ್ಚಿನ ಇಳಿತ, ಐದು ಸೆಕೆಂಡ್ ಹಾಗೇ ಉಳಿದರೆ ಯಾರೋ ಎದ್ದರು. ಅಪ್ಪ 58 ಕೆಜಿ, ಅವ್ವ 66. ಇಳಿದದ್ದು 58ರ ಆಚೀಚೆ ಎರಡು ಕೆಜಿ ಇದ್ದರೆ ಅಪ್ಪ. ಗಂಡ ಹೆಂಡತಿ ಇಬ್ಬರ ತೂಕ ಹೆಚ್ಚುಕಡಿಮೆ ಒಂದೇ ಇದ್ದರೆ ಆಗ ಬದಿಯ ಲೆಕ್ಕ ಕೈ ಹಿಡಿಯುತ್ತದೆ, ಯಾಕೆಂದರೆ ಮಲಗುವ ಬದಿಯನ್ನು ಯಾರೂ ಸುಲಭಕ್ಕೆ ಬದಲಿಸುವುದಿಲ್ಲ.

ಒಂದು ಎಚ್ಚರಿಕೆ. ಬೇಸಿಗೆ ಬಂತೆಂದರೆ ನಮ್ಮಲ್ಲಿ ಹಾಸಿಗೆ ಸುತ್ತಿಕೊಂಡು ಎಲ್ಲರೂ ಮಾಳಿಗೆ ಹತ್ತುತ್ತಾರೆ. ಆಗ ಮಂಚ ಖಾಲಿ, ಸೆನ್ಸರ್ ಖಾಲಿ. ಮೂರು ತಿಂಗಳು ಗುರುತು ಹಿಡಿಯುವ ಜಾಗವೇ ಬದಲಾಗುತ್ತದೆ. ಆಗ ಮಾಳಿಗೆಯಿಂದ ಇಳಿಯುವ ಮೆಟ್ಟಿಲ ಬಾಗಿಲೇ ಗತಿ.

ಬಾಗಿಲಲ್ಲಿ ಎತ್ತರ ಅಳೆಯುವುದು

ಮನೆಯೊಳಗಿನ ಜನರನ್ನು ಎತ್ತರದಿಂದ ಬೇರೆ ಮಾಡುವುದು ಹೊಸ ಯೋಚನೆ ಏನಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2012ರಲ್ಲೇ ಬಾಗಿಲ ಮೇಲೆ ಅಲ್ಟ್ರಾಸೌಂಡ್ ಸೆನ್ಸರ್ ಕೂರಿಸಿ, ಕೆಳಗೆ ಹಾಯುವವರ ಎತ್ತರ ಅಳೆದು ಯಾರು ಯಾವ ಕೋಣೆಗೆ ಹೋದರು ಅಂತ ಪತ್ತೆ ಮಾಡಿದ್ದರು. ಅದಕ್ಕೆ ಡೋರ್‌ಜಾಂಬ್ ಅಂತ ಹೆಸರು. ಈಗ ನಮ್ಮಂಥವರಿಗೆ ಸುಲಭಕ್ಕೆ ಸಿಗುವುದು ವಿಎಲ್53ಎಲ್1ಎಕ್ಸ್. ಕಣ್ಣಿಗೆ ಕಾಣದ, ಕಣ್ಣಿಗೆ ಅಪಾಯವಿಲ್ಲದ ಲೇಸರ್ ಬೆಳಕು ಬಿಟ್ಟು 4 ಮೀಟರ್‌ವರೆಗೆ ದೂರ ಅಳೆಯುತ್ತದೆ. ಮೇಲಿಂದ ಕೆಳಗೆ ನೋಡುವಂತೆ ಕಟ್ಟಿ. ನೆಲದ ದೂರದಿಂದ ತಲೆಯ ದೂರ ಕಳೆದರೆ ಎತ್ತರ. ಅದರ ನೋಟವನ್ನು ಮುಂದೆ-ಹಿಂದೆ ಎರಡು ಭಾಗ ಮಾಡಬಹುದು. ಯಾವ ಭಾಗದಲ್ಲಿ ಮೊದಲು ಕಂಡರು ಅನ್ನುವುದರಿಂದ ಒಳಗೆ ಬಂದರೋ ಹೊರಗೆ ಹೋದರೋ ತಿಳಿಯುತ್ತದೆ.

ಹಳೇ ಮನೆಯವರು ಇಲ್ಲಿ ತುಸು ನಿಲ್ಲಿ. ನಮ್ಮ ಒಳಬಾಗಿಲುಗಳು ಐದು ಅಡಿ ಇದ್ದರೆ ಹೆಚ್ಚು. ದೊಡ್ಡವರೆಲ್ಲ ತಲೆ ಬಗ್ಗಿಸಿಯೇ ಹಾಯಬೇಕು, ಹಾಗಾಗಿ ಚೌಕಟ್ಟಿನ ಕೆಳಗೆ ಅಳೆದರೆ ಎಲ್ಲರದೂ ಒಂದೇ ಎತ್ತರ! ಸೆನ್ಸರನ್ನು ಚೌಕಟ್ಟಿಗೆ ಕಟ್ಟದೇ ಎರಡು ಹೆಜ್ಜೆ ಒಳಗೆ ತೊಲೆಗೆ ಕಟ್ಟಿ. ಅಷ್ಟೊತ್ತಿಗೆ ಜನ ನೆಟ್ಟಗೆ ನಿಂತಿರುತ್ತಾರೆ. ಅಪ್ಪನ ಟೋಪಿ, ತಲೆ ಮೇಲಿನ ಬಟ್ಟೆಯ ಗಂಟು, ಮಗಳ ಜುಟ್ಟು, ಎಲ್ಲವೂ ಒಂದೆರಡು ಇಂಚು ಸೇರಿಸುತ್ತವೆ. ಆದ್ದರಿಂದ ಎತ್ತರದಿಂದ ಮಗುವೋ ದೊಡ್ಡವರೋ ಅನ್ನುವುದು ಗಟ್ಟಿಯಾಗಿ ಹೇಳಬಹುದು. ಒಂದೇ ಎತ್ತರದ ಇಬ್ಬರು ದೊಡ್ಡವರಲ್ಲಿ ಯಾರು ಅನ್ನುವುದನ್ನು ಇದರಿಂದ ಬಯಸಬೇಡಿ.

ಫೋನ್, ಕೀ ಗೊಂಚಲು, ಹೆಬ್ಬೆಟ್ಟು

ಬ್ಲೂಟೂತ್ ವಿಧಾನ ಜನಪ್ರಿಯ. ಕೋಣೆಗೊಂದು ಇಎಸ್‌ಪಿ32 ಇಟ್ಟು ಇಎಸ್‌ಪ್ರೆಸೆನ್ಸ್ ಅನ್ನುವ ತಂತ್ರಾಂಶ ಹಾಕಿದರೆ, ಯಾವ ಬೋರ್ಡಿಗೆ ಫೋನಿನ ಸಿಗ್ನಲ್ ಜೋರಾಗಿ ಕೇಳುತ್ತದೋ ಆ ಕೋಣೆ. ಈಗಿನ ಫೋನುಗಳು ತಮ್ಮ ಬ್ಲೂಟೂತ್ ವಿಳಾಸವನ್ನು ಆಗಾಗ ಬದಲಿಸುತ್ತಾ ಇರುತ್ತವೆ, ಅದು ಒಳ್ಳೆಯದೇ. ನಿಮ್ಮದೇ ಫೋನ್ ಗುರುತಿಸಬೇಕಾದರೆ ಐಆರ್‌ಕೆ ಅನ್ನುವ ಕೀಲಿಯನ್ನು ಒಮ್ಮೆ ಪಡೆದು ಹಾಕಬೇಕು. ದಪ್ಪ ಗೋಡೆಯ ಮನೆಯಲ್ಲಿ ಇದು ಫ್ಲ್ಯಾಟಿಗಿಂತ ಚೆನ್ನಾಗಿ ನಡೆಯುತ್ತದೆ, ಕಲ್ಲು ಪಕ್ಕದ ಕೋಣೆಯ ಸಿಗ್ನಲನ್ನು ನುಂಗುವುದರಿಂದ ಗೊಂದಲ ಕಡಿಮೆ.

ಆದರೆ ನಮ್ಮ ಅವ್ವನ ಫೋನ್ ದಿನವಿಡೀ ಅಡುಗೆಮನೆ ಮಾಡದಲ್ಲಿ ಚಾರ್ಜಿಗೆ ಇರುತ್ತದೆ, ಅವಳು ಕಟ್ಟೆಯ ಮೇಲೆ ಕೂತಿರುತ್ತಾಳೆ. ರಾತ್ರಿ ಬಚ್ಚಲಿಗೆ ಹೋಗುವಾಗ ಅಪ್ಪ ಫೋನ್ ಒಯ್ಯುವುದೂ ಇಲ್ಲ. ಮನೆಗೆ ಬಂದರಾ, ಹೊರಗೆ ಹೋದರಾ ಅನ್ನುವುದಕ್ಕೆ ಬ್ಲೂಟೂತ್ ಬಳಸಿ. ಕೀ ಗೊಂಚಲಿಗೆ ಸಣ್ಣ ಬೀಕನ್, ಅಂದರೆ ಬ್ಲೂಟೂತ್ ಸಿಗ್ನಲ್ ಬಿಡುತ್ತಲೇ ಇರುವ ಸಾಧನ, ಕಟ್ಟಿದರೆ ಇನ್ನೂ ಸರಿ, ಸಿಆರ್2032 ಬಿಲ್ಲೆ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ.

ತಲಬಾಗಿಲಿಗೆ ಬೆರಳಚ್ಚು ಸೆನ್ಸರ್ ಹಾಕಿದರೆ ಬಂದವರು ಯಾರು ಅಂತ ಖಚಿತ. ಆದರೆ ಹೊಲದಲ್ಲಿ ದುಡಿದವರ, ದಿನಾ ರೊಟ್ಟಿ ಬಡಿದವರ ಬೆರಳ ಗೆರೆ ಸವೆದಿರುತ್ತವೆ. ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಹತ್ತದೇ ನಿಂತ ಹಿರಿಯರನ್ನು ನೀವೂ ನೋಡಿರುತ್ತೀರಿ. ತಮ್ಮ ಮನೆ ಬಾಗಿಲಲ್ಲೂ ಅವರು ಹಾಗೆ ನಿಲ್ಲುವುದು ಬೇಡ. ಕೀಲಿ ಬಳಸುವ ದಾರಿಯೂ ಇರಲಿ.

ಸುಳಿವುಗಳನ್ನು ಕೂಡಿಸುವುದು

ಯಾವ ಸೆನ್ಸರೂ ಒಂಟಿಯಾಗಿ ಹೆಸರು ಹೇಳುವುದಿಲ್ಲ. ಎಲ್ಲವೂ ಸುಳಿವು ಕೊಡುತ್ತವೆ. ಸುಳಿವು ಕೂಡಿಸುವ ಲೆಕ್ಕಕ್ಕೆ ಬೇಯ್ಸ್ ಅಂತ ಹೆಸರು, ಮನೆಯ ಸೆನ್ಸರು, ದೀಪಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಸೆನ್ಸರ್ ಇದೆ. ಹೆಸರಿಗೆ ಹೆದರಬೇಡಿ.

ರಾತ್ರಿ 100 ಸಲ ಯಾರೋ ಎದ್ದರು ಅಂತ ಹಿಡಿಯಿರಿ. ಅದರಲ್ಲಿ 60 ಸಲ ಅಪ್ಪ, 40 ಸಲ ಬೇರೆಯವರು. ಅಪ್ಪ ಎದ್ದಾಗ ಮಂಚ 10ರಲ್ಲಿ 9 ಸಲ ಸರಿಯಾಗಿ "ಅಪ್ಪ" ಅನ್ನುತ್ತದೆ, ಬೇರೆಯವರು ಎದ್ದಾಗ 10ರಲ್ಲಿ 1 ಸಲ ತಪ್ಪಿ "ಅಪ್ಪ" ಅನ್ನುತ್ತದೆ. ಹಾಗಾದರೆ ಮಂಚ "ಅಪ್ಪ" ಅಂದದ್ದು 54 ಸಲ ಸರಿ, 4 ಸಲ ತಪ್ಪು. ಒಟ್ಟು 58ರಲ್ಲಿ 54, ಅಂದರೆ ಶೇಕಡಾ 93. ಇದರ ಮೇಲೆ ಬಾಗಿಲಲ್ಲಿ ಎತ್ತರ ಅಳೆಯುವ ಸೆನ್ಸರ್ "ದೊಡ್ಡವರು" ಅಂದರೆ ನಂಬಿಕೆ ಇನ್ನೂ ಏರುತ್ತದೆ, "ಮಗು" ಅಂದರೆ ಇಳಿಯುತ್ತದೆ. ಈ 60, 9, 1 ಅಂಕಿಗಳನ್ನು ನಿಮ್ಮ ಮನೆಯಲ್ಲೇ ಎರಡು ವಾರ ವಹಿಯಲ್ಲಿ ಬರೆದು ಪಡೆಯಿರಿ, ಬೇರೆಯವರ ಮನೆಯ ಅಂಕಿ ನಿಮಗೆ ಹೊಂದುವುದಿಲ್ಲ.

ಯಾರೆಂದು ಗೊತ್ತಾಗದಿದ್ದರೆ ಏನು? ಇದನ್ನು ಮೊದಲೇ ತೀರ್ಮಾನಿಸಿ. ನನ್ನ ಮನೆಯಲ್ಲಿ ಅನುಮಾನ ಇದ್ದರೆ ದೀಪ ಹತ್ತುತ್ತದೆ. ಸುಮ್ಮನೆ ಹತ್ತಿದ ದೀಪದಿಂದ ಯಾರೂ ಬೀಳುವುದಿಲ್ಲ. ಗೋಡೆಯ ಸ್ವಿಚ್ ಕೂಡ ಮೊದಲಿನಂತೇ ಕೆಲಸ ಮಾಡಬೇಕು. ಕರೆಂಟ್ ಹೋದಾಗ ರೂಟರ್ ಮತ್ತು ಹೋಮ್ ಅಸಿಸ್ಟೆಂಟ್ ಓಡುವ ಸಣ್ಣ ಕಂಪ್ಯೂಟರ್ ಎರಡೂ ಇನ್ವರ್ಟರ್ ಸಾಲಿನಲ್ಲಿರಲಿ, ಬಚ್ಚಲ ದಾರಿಯ ದೀಪವೂ ಅದೇ ಸಾಲಿನಲ್ಲಿರಲಿ.

ನಾನು ಹಾಕದೇ ಬಿಟ್ಟದ್ದು

ಶಾಖದ ಚಿತ್ರ ಕೊಡುವ ಸೆನ್ಸರುಗಳಿವೆ. ಎಎಂಜಿ8833 ಕೊಡುವುದು 8×8, ಅಂದರೆ 64 ಚುಕ್ಕಿ. ಎಂಎಲ್‌ಎಕ್ಸ್90640 ಕೊಡುವುದು 32×24, 768 ಚುಕ್ಕಿ. ಮಾರುವವರು ಇದನ್ನು ಕ್ಯಾಮೆರಾ ಅಲ್ಲ ಅನ್ನುತ್ತಾರೆ. 768 ಚುಕ್ಕಿಯಲ್ಲಿ ಕೈ ಎತ್ತಿದ್ದು, ಬಗ್ಗಿದ್ದು ಎಲ್ಲ ಕಾಣುತ್ತದೆ. ನನ್ನ ಪಾಲಿಗೆ ಅದು ಚಿತ್ರವೇ, ಬಚ್ಚಲ ಹತ್ತಿರ ಬೇಡವೇ ಬೇಡ. ಮೈಕ್ ಕೂಡ ಬೇಡ. ವೈಫೈ ಅಲೆಯಿಂದಲೇ ಜನರನ್ನು ಪತ್ತೆ ಮಾಡುವ 802.11ಬಿಎಫ್ ಅನ್ನುವ ಮಾನದಂಡ 2025ರಲ್ಲಿ ಹೊರಬಂದಿದೆ. ವೈಫೈ ತೆಳು ಗೋಡೆ ದಾಟುತ್ತದೆ, ಹಾಗಾಗಿ ಒಪ್ಪಿಗೆ ಕೇಳದ ಪಕ್ಕದ ಮನೆಯವರೂ ಲೆಕ್ಕಕ್ಕೆ ಬರಬಹುದು.

ಕ್ಯಾಮೆರಾ ಇಲ್ಲ ಅಂದಮಾತ್ರಕ್ಕೆ ಗುಟ್ಟು ಉಳಿಯಿತು ಅಂತಲ್ಲ. ಒಬ್ಬರು ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋದರು, ಎಷ್ಟು ಹೊತ್ತು ಕೂತರು, ಅವರ ತೂಕ ತಿಂಗಳಿಂದ ತಿಂಗಳಿಗೆ ಎಷ್ಟು ಇಳಿಯಿತು, ಇವು ಫೋಟೋಕ್ಕಿಂತ ಖಾಸಗಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದರು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮನೆಬಳಕೆಯ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ನಿಮ್ಮ ಮನೆಯೊಳಗೆ ಅಪ್ಪ ಅವ್ವನ ಮಾನ ಕಾಯಬೇಕಾದವರು ನೀವೇ.

ನಾನು ಮಾಡಿದ್ದು ಇಷ್ಟು. ಮಾಹಿತಿ ಮನೆಯ ಕಂಪ್ಯೂಟರಿನಲ್ಲೇ ಇರುತ್ತದೆ, ಹೊರಗೆ ಎಲ್ಲಿಗೂ ಹೋಗುವುದಿಲ್ಲ. ಹೋಮ್ ಅಸಿಸ್ಟೆಂಟ್ ತಾನಾಗಿ 10 ದಿನದ ದಾಖಲೆ ಇಡುತ್ತದೆ, ನಾನು ಎರಡೇ ದಿನಕ್ಕೆ ಇಳಿಸಿದ್ದೇನೆ. ಇಳಿದ ತೂಕದಿಂದ ಹೆಸರು ಸಿಕ್ಕ ಕೂಡಲೇ ಕೆಜಿಯ ಅಂಕಿ ಅಳಿಸಿಹೋಗುತ್ತದೆ. ಏನೇನು ಅಳೆಯುತ್ತಿದ್ದೇನೆ ಅನ್ನುವುದನ್ನು ಅಪ್ಪ ಅವ್ವನಿಗೆ ಪರದೆ ತೋರಿಸಿ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ಬಚ್ಚಲದೊಳಗ ಏನೂ ಇಲ್ಲಲ್ಲ?" ಅಂತ ಒಂದೇ ಪ್ರಶ್ನೆ ಕೇಳಿದರು. ಇಲ್ಲ. ಬಾಗಿಲಿಗೆ ಒಂದು ಮ್ಯಾಗ್ನೆಟ್ ಸ್ವಿಚ್, ಅಷ್ಟೇ.

ದೇವರ ಕೋಣೆ ಪಕ್ಕ ಒಂದು ಗುಂಡಿ ಇಟ್ಟಿದ್ದೇನೆ. ಒತ್ತಿದರೆ ಹೆಸರು ಹಿಡಿಯುವುದೆಲ್ಲ ಬಂದ್, ಯಾರು ನಡೆದರೂ ದಾರಿಯ ದೀಪ ಮಾತ್ರ ಹತ್ತುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಅಂತ ಬೀಗರು, ಅಕ್ಕತಂಗಿಯರು, ಅವರ ಮಕ್ಕಳೆಲ್ಲ ಬಂದು ಪಡಸಾಲೆ ತುಂಬ ಹಾಸಿಗೆ ಹಾಸಿದಾಗ, ಆ ಗುಂಡಿ ಒತ್ತುವುದು ಅವ್ವನ ಕೆಲಸ. ಜಾತ್ರೆ ಮುಗಿದ ಮೇಲೆ ಮತ್ತೆ ಯಾವಾಗ ಹಾಕಬೇಕು ಅನ್ನುವುದನ್ನೂ ಅವಳೇ ಹೇಳುತ್ತಾಳೆ.